ಮೂರನೇ ಸಲದ ಕರೆ

ತುಮಿರಾ ಯಾವುದಕ್ಕೂ ಒಂದೇ ಸಲಕ್ಕೆ ಹೂಂ ಅಂದವಳಲ್ಲ. ಕಡಲತಡಿಯ ಊರು ಜೆಪಾರಾದಲ್ಲಿ ಮರ್ಯಾದಸ್ಥರು ಯಾರೂ ಹಾಗೆ ಅನ್ನುವುದಿಲ್ಲ, ಅದು ಬೇರೆ ಮಾತು. ಊಟಕ್ಕೆ ಕರೆದರೆ ಮೊದಲ ಸಲ ‘ಅಯ್ಯೋ ಬೇಡ’ ಅನ್ನಬೇಕು. ಎರಡನೇ ಸಲ ಏನಾದರೊಂದು ನೆಪ ಹೇಳಬೇಕು. ಮೂರನೇ ಸಲ ‘ಏನೋ, ನಿಮ್ಮ ಬಲವಂತಕ್ಕೆ’ ಅಂತ ಗೊಣಗಿಕೊಂಡು ತಟ್ಟೆಯ ಮುಂದೆ ಕೂರಬೇಕು. ಒಂದೇ ಕರೆಗೆ ಎದ್ದು ಬಂದವರನ್ನು ಹಸಿದುಕೊಂಡು ಬಾಗಿಲು ಕಾಯುತ್ತಿದ್ದರು ಅಂತ ಊರವರು ಆಡಿಕೊಳ್ಳುತ್ತಾರೆ. ಆದರೆ ತುಮಿರಾ ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಗಂಡು ನೋಡಲು ಬಂದಾಗಲೂ ಮೂರು ಸಲ ಕೇಳಿಸಿಕೊಂಡೇ ಒಪ್ಪಿದವಳು. ಆ ಗಂಡ ಇದ್ದಷ್ಟು ದಿನ ಅದನ್ನು ಹೇಳಿ ಹೇಳಿ ನಗುತ್ತಿದ್ದ, ಪಾಪ.

ಇದೆಲ್ಲ ತಂಗಿ ವರ್ಸಿತಿಗೆ ಗೊತ್ತಿಲ್ಲದ್ದೇನಲ್ಲ. ಅವಳು ಅಂಬೆಗಾಲಿಡುವಾಗಲೇ ತಾಯಿ ಹೋದಳು. ಎತ್ತಿ ಆಡಿಸಿದವಳು, ತಲೆ ಬಾಚಿದವಳು, ಹೇನು ಹೆಕ್ಕಿದವಳು, ಮದುವೆ ಮಾಡಿ ಕಳಿಸಿದವಳು ಎಲ್ಲ ಈ ಅಕ್ಕನೇ. ‘ಯೂ’ ಅಂತ ಅಕ್ಕನನ್ನು ಕರೆದಷ್ಟು ಸಲ ಅವಳು ದೇವರನ್ನೂ ಕರೆದಿರಲಿಕ್ಕಿಲ್ಲ. ಈಗ ವರ್ಸಿತಿಗೂ ಮೊಮ್ಮಕ್ಕಳಾಗುವ ವಯಸ್ಸು. ಮರ ಕೆತ್ತುವವರ ಓಣಿಯಲ್ಲಿ ಅವಳದೊಂದು ಅನ್ನದಂಗಡಿ. ತುಮಿರಾ ಅದೇ ಓಣಿಯಲ್ಲಿ ಕುರ್ಚಿಗಳಿಗೆ ಮರಳುಕಾಗದ ಉಜ್ಜುವ ಕೆಲಸ ಮಾಡುತ್ತಾಳೆ.

ವರ್ಸಿತಿಯ ಗುರುವಾರದ ಕುರಾನ್ ಪಠಣ ಕೂಟದ ಹೆಂಗಸರು ಈ ಸಲ ಕರಿಮುನ್‌ಜಾವಾ ದ್ವೀಪಕ್ಕೆ ಹೊರಟರು. ಎರಡು ದಿನದ ಪ್ರವಾಸ, ಎಲ್ಲ ಅಗ್ಗದ್ದು. ನಿಧಾನದ ಹಡಗು, ಮೀನುಗಾರರೊಬ್ಬರ ಮನೆಯಲ್ಲಿ ಸಾಲಾಗಿ ಚಾಪೆ, ಹವಳ ತೋರಿಸುವ ದೋಣಿ ಎಲ್ಲರಿಗೂ ಸೇರಿ ಒಂದೇ. “ದೊಡ್ಡ ಹೋಟೆಲಿನವರು ನೋಡೋ ಸಮುದ್ರಾನೂ ಉಪ್ಪೇ, ನಾವು ನೋಡೋದೂ ಉಪ್ಪೇ,” ಅಂದಳು ಕೂಟದ ಹಿರಿಯಾಳು ಖೋಲಿಫಾ. ಒಬ್ಬಳ ಸೊಸೆಗೆ ಹೆರಿಗೆಯಾಗಿ ಅವಳು ಹಿಂದೆ ಸರಿದಿದ್ದರಿಂದ ಒಂದು ಜಾಗ ಖಾಲಿ ಉಳಿಯಿತು.

ವರ್ಸಿತಿ ಅಕ್ಕನನ್ನು ಕರೆದಳು.

“ಯೂ, ನಮ್ಮ ಜೊತೆ ದ್ವೀಪಕ್ಕೆ ಬಾ.”

“ನಾನಾ? ಈ ವಯಸ್ಸಲ್ಲಿ ನೀರಿಗಿಳಿದು ಮೀನು ಹಿಡೀಲಾ? ನೀವೆಲ್ಲ ಹೋಗ್ಬನ್ನಿ.”

ಎರಡು ದಿನ ಬಿಟ್ಟು ಮತ್ತೆ ಕರೆದಳು. “ಬಾ ಯೂ, ಜಾಗ ಖಾಲಿ ಇದೆ.”

“ಕೋಳಿಗೆ ಕಾಳು ಹಾಕೋರ್ಯಾರು? ನಿಮ್ಮಪ್ಪನಾ?”

“ನಮ್ಮಪ್ಪ ನಿನ್ನಪ್ಪನೂ ಹೌದು.”

“ಅದಕ್ಕೇ ಹೇಳ್ತಿರೋದು. ಬದುಕಿದ್ದಾಗ್ಲೇ ಹಾಕಿದವನಲ್ಲ.”

ಇಬ್ಬರೂ ನಕ್ಕರು. ಆ ಸಂಜೆಯೇ ತುಮಿರಾ ಓಣಿಯಲ್ಲಿ ನಿಂತು ಪಕ್ಕದ ಮನೆಯವಳ ಹತ್ತಿರ ಕೋಳಿಗಳ ವಿಷಯ ಮಾತಾಡಿದ್ದನ್ನು ವರ್ಸಿತಿ ಅಂಗಡಿಯಲ್ಲಿ ಕೂತೇ ಕೇಳಿಸಿಕೊಂಡಳು. ಇನ್ನೊಂದು ಸಲ ಬಾಯಿ ಬಿಟ್ಟರೆ ಸಾಕು, ಅಕ್ಕ ಹೊರಡುತ್ತಾಳೆ. ಆ ಇನ್ನೊಂದು ಸಲವೇ ಅವಳ ಬಾಯಿಂದ ಬರಲಿಲ್ಲ.

ಯಾಕೆ ಅಂದರೆ, ಅಕ್ಕನ ನಾಲಿಗೆ. ಪ್ರೀತಿ ಎಷ್ಟಿದ್ದರೂ ಅದು ನಾಲಿಗೆಯೇ. ಹೆಂಗಸರ ಜೊತೆ ಕೂತು ವರ್ಸಿತಿ ಸ್ವಲ್ಪ ಜೋರಾಗಿ ನಕ್ಕರೆ “ಹಲ್ಲು ಎಣಿಸ್ಬೇಕಾ ನಿಂದು?” ಎರಡನೇ ಸಲ ಅನ್ನ ಬಡಿಸಿಕೊಂಡರೆ “ಹೊಟ್ಟೆ ನೋಡ್ಕೋ, ಹೊಟ್ಟೆ.” ಅದೂ ಎಲ್ಲರೆದುರಿಗೆ. ಐವತ್ತು ದಾಟಿದ ಹೆಂಗಸಿಗೂ ಒಮ್ಮೆ, ಎರಡೇ ಎರಡು ದಿನ, ಯಾರ ತಂಗಿಯೂ ಅಲ್ಲದೆ ಇರಬೇಕು ಅನ್ನಿಸುವುದಿಲ್ಲವೇ? ಬೇಡ ಅಂದಳಲ್ಲ, ಬೇಡ ಅಂದರೆ ಬೇಡವೇ ಇರಬೇಕು ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ತನ್ನನ್ನು ತಾನು ನಂಬಿಸಿಕೊಂಡಷ್ಟು ಸುಲಭವಾಗಿ ಇನ್ನೊಬ್ಬರನ್ನು ನಂಬಿಸಲಾಗುವುದಿಲ್ಲ ಬಿಡಿ.

ಹೊರಡುವ ಬೆಳಿಗ್ಗೆ ಬಂದರಿನಲ್ಲಿ ಹೆಂಗಸರು ಚೀಲ, ಬುಟ್ಟಿ, ಹೊಸ ಬಿಸಿಲುಟೋಪಿಗಳ ಜೊತೆ ಗಲಾಟೆ ಎಬ್ಬಿಸಿದ್ದರು. ಅಷ್ಟರಲ್ಲಿ ತುಮಿರಾ ಬಂದಳು. ಹಬ್ಬದ ನೀಲಿ ರವಿಕೆ, ಇಸ್ತ್ರಿ ಮಾಡಿದ ತಲೆವಸ್ತ್ರ. ಒಂದು ಕೈಯಲ್ಲಿ ತೆಂಗಿನ ಗರಿಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಕಡುಬಿನ ಗಂಟು, ಹೆಗಲಿಗೆ ಇನ್ನೊಂದು ಚೀಲ.

“ದಾರೀಲಿ ತಿನ್ನಿ ಅಂತ ತಂದೆ. ಹಡಗಲ್ಲಿ ಕೊಡೋದು ಬಾಯಿಗಿಡೋಕಾಗುತ್ತಾ?” ಅಂದಳು.

ಗಂಟು ಕೊಟ್ಟ ಮೇಲೂ ಅವಳು ಹೋಗಲಿಲ್ಲ. ಹಡಗನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ಇಷ್ಟು ದೊಡ್ಡದಿರುತ್ತೆ ಅಂದ್ಕೊಂಡಿರ್ಲಿಲ್ಲ. ಇದರಲ್ಲಿ ವಾಂತಿ ಬರಲ್ವೇನೋ, ಅಲ್ವಾ?” ಅಂತ ಕೇಳಿದಳು. ಹೆಗಲ ಚೀಲದ ಬಾಯಿಂದ ಟವೆಲಿನ ಅಂಚು ಹೊರಗೆ ಇಣುಕಿತ್ತು. ವರ್ಸಿತಿ ಅದನ್ನು ನೋಡಿದಳು. ನೋಡಿದ್ದನ್ನು ತುಮಿರಾ ಕೂಡ ನೋಡಿದಳೋ ಏನೋ, ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡಳು.

ಮೇಲಿನಿಂದ ಖೋಲಿಫಾ ಕೂಗಿದಳು, “ವರ್ಸಿತಿ, ಹತ್ರೀ ಬೇಗ! ನಿಮಗೋಸ್ಕರ ಹಡಗು ನಿಲ್ಲಲ್ಲ!” ವರ್ಸಿತಿ ಅಕ್ಕನ ಕೈ ಹಿಡಿದು ಹಣೆಗೊತ್ತಿಕೊಂಡಳು.

“ಜೋಪಾನವಾಗಿ ಮನೆಗೆ ಹೋಗು ಯೂ. ಬಿಸಿಲಾಗುತ್ತೆ,” ಅಂದಳು.

“ಹೂಂ, ಹೂಂ. ನೀನೂ ಜೋಪಾನ. ಜಾಸ್ತಿ ನಗ್ಬೇಡ,” ಅಂದಳು ತುಮಿರಾ.

ದ್ವೀಪ ಹೇಗಿತ್ತು ಅಂದರೆ, ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಅದೇ ಕಷ್ಟವಾಗಿದ್ದು. ಸುಮಾರಾಗಿದ್ದಿದ್ದರೆ ‘ಬಂದಿದ್ದರೂ ಅಕ್ಕನಿಗೆ ಬೇಜಾರೇ ಆಗುತ್ತಿತ್ತು’ ಅಂದುಕೊಂಡು ಸುಮ್ಮನಾಗಬಹುದಿತ್ತು. ಸೊಂಟದವರೆಗಿನ ನೀರಿನಲ್ಲಿ ನಿಂತರೆ ಕಾಲಬೆರಳು ಕಾಣುತ್ತಿತ್ತು. ಬೆರಳ ಸಂದಿಯಲ್ಲಿ ಹಳದಿ ಪಟ್ಟೆಯ ಮೀನು ಬಂದು ಮುತ್ತುತ್ತಿದ್ದವು. ಹೆಂಗಸರು ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ಕಿರುಚಾಡಿದರು. ವರ್ಸಿತಿಯೂ ನಕ್ಕಳು. ಜೋರಾಗಿಯೇ ನಕ್ಕಳು. ನಕ್ಕು ಮುಗಿಸಿದ ಕೂಡಲೇ ಬೈಗುಳಕ್ಕಾಗಿ ಕಿವಿ ಕಾಯಿತು. ಯಾರೂ ಬೈಯಲಿಲ್ಲ. ಅವಳು ಹೊರಟು ಬಂದಿದ್ದೇ ಅದಕ್ಕಾಗಿ, ಆದರೆ ಬೈಯುವವರಿಲ್ಲದ ನಗು ಅವಳಿಗೆ ಉಪ್ಪಿಲ್ಲದ ಸಾರಿನಂತಾಯಿತು.

ಸಂಜೆ ಮರಳ ಮೇಲೆ ಮೀನು ಸುಟ್ಟರು, ಮೆಣಸಿನಕಾಯಿ ಅರೆದರು, ತುಮಿರಾಳ ಕಡುಬು ಬಿಚ್ಚಿದರು. ಒಂದೊಂದು ಕಡುಬಿನ ಹೊಟ್ಟೆಯಲ್ಲೂ ಕಡಲೆಬೀಜ ತುಂಬಿದ್ದಳು. ಅಷ್ಟು ಗರಿ ಸುತ್ತಬೇಕಾದರೆ ಹಿಂದಿನ ದಿನ ಪೂರ್ತಿ ಕೂತಿರಬೇಕು.

“ಎಂಥ ಕೈರುಚಿ ನಿಮ್ಮಕ್ಕಂದು!” ಅಂದಳು ಖೋಲಿಫಾ, ಬೆರಳು ನೆಕ್ಕುತ್ತ. “ಜಾಗ ಖಾಲಿ ಇತ್ತಲ್ಲ, ಕರ್ಕೊಂಡು ಬರ್ಬೇಕಿತ್ತು. ಬಂದರಿಗೂ ಬಂದಿದ್ರು. ಕರೀಲಿಲ್ವಾ?”

ಅವಳು ಸುಮ್ಮನೆ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ವರ್ಸಿತಿ ಬೆಚ್ಚಿಬಿದ್ದಳು.

“ಕರೀದೇ ಇರ್ತೀನಾ? ಮೂರು ಸಲ ಕರೆದೆ,” ಅಂದುಬಿಟ್ಟಳು. “ಮೂರು ಸಲಾನೂ ಬೇಡ ಅಂದ್ಳು. ಏನ್ಮಾಡ್ಲಿ?”

“ಹಂಗಾದ್ರೆ ನಿಮ್ಮ ತಪ್ಪಿಲ್ಲ ಬಿಡಿ,” ಅಂದಳು ಖೋಲಿಫಾ, ಇನ್ನೊಂದು ಕಡುಬಿಗೆ ಕೈ ಹಾಕುತ್ತ.

ಮರುದಿನ ದೋಣಿಯಲ್ಲಿ ಎಲ್ಲರೂ ಹವಳ ನೋಡುವಾಗ ವರ್ಸಿತಿ ಮನಸ್ಸಿನಲ್ಲೇ ಅಕ್ಕನನ್ನು ಕರೆಯುತ್ತ ಕೂತಿದ್ದಳು. ಊರಿಗೆ ಹೋದ ಕೂಡಲೇ ಕರೆಯುತ್ತೇನೆ, ನಾವಿಬ್ಬರೇ ಬರುತ್ತೇವೆ, ಎಷ್ಟು ಬೇಕಾದರೂ ಬೈಯಲಿ ಅಂತ ಗಟ್ಟಿ ಮಾಡಿಕೊಂಡಳು. ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ.

ಊರು ಮುಟ್ಟಿದ ಮರುದಿನ ಅಂಗಡಿ ಮುಗಿಸಿಕೊಂಡು, ದ್ವೀಪದಿಂದ ತಂದ ಮೀನಿನ ಹಪ್ಪಳ ಹಿಡಿದು ಅಕ್ಕನ ಮನೆಗೆ ಹೋದಳು. ತುಮಿರಾ ಜಗುಲಿಯಲ್ಲಿ ಕುರ್ಚಿಯೊಂದನ್ನು ಉಜ್ಜುತ್ತಿದ್ದಳು. ಹಪ್ಪಳ ತಗೊಂಡಳು, ಚೆನ್ನಾಗಿದೆ ಅಂದಳು. ಮುಖ ಸುಟ್ಟುಕೊಂಡು ಬಂದಿದ್ದೀಯಲ್ಲೇ ಅಂತ ಬೈಯಲಿಲ್ಲ.

“ಬೆಳಿಗ್ಗೆ ಖೋಲಿಫಾ ಬಂದಿದ್ಳು,” ಅಂದಳು, ಕೈ ನಿಲ್ಲಿಸದೆ. “ಚೆನ್ನಾಗಿ ಬೈದು ಹೋದ್ಳು. ತಂಗಿ ಮೂರು ಸಲ ಕರೆದ್ರೂ ಹೋಗ್ಲಿಲ್ವಲ್ಲ, ಎಂಥ ಹಟ ನಿಂದು ಅಂತ.”

ವರ್ಸಿತಿ ಕೇಳಿದಳು, “ನೀನೇನಂದೆ?”

“ಹೌದು, ಮೂರು ಸಲ ಕರೆದ್ಳು ಅಂದೆ. ಮತ್ತೇನನ್ಲಿ? ನನ್ನ ತಂಗಿ ಸುಳ್ಳಿ ಅನ್ಲಾ?”

“ಯೂ...”

“ಗಡಿಬಿಡೀಲಿ ಮೂರನೇ ಸಲ ಕರೆಯೋದು ಮರ್ತಿದೀಯ ಅಂದ್ಕೊಂಡಿದ್ದೆ ಕಣೆ. ಹಡಗು ಹೋದ್ಮೇಲೂ ಅಲ್ಲೇ ಕಟ್ಟೆ ಮೇಲೆ ಕೂತು ಅದನ್ನೇ ಅಂದ್ಕೊಂಡೆ. ಪಾಪ, ಅಷ್ಟು ಜನರ ಮಧ್ಯೆ ಹುಡುಗಿಗೆ ನೆನಪಾಗ್ಲಿಲ್ಲ ಅಂತ. ಲೆಕ್ಕ ನಿಂಗೆ ಸರಿಯಾಗೇ ಗೊತ್ತಿತ್ತು ಅಂತ ಇವತ್ತು ಬೆಳಿಗ್ಗೇನೇ ತಿಳಿದಿದ್ದು.”

ವರ್ಸಿತಿ ಜಗುಲಿಯಲ್ಲೇ ಕೂತು ಅಕ್ಕನ ಮೊಣಕಾಲು ಹಿಡಿದುಕೊಂಡಳು. “ತಪ್ಪಾಯ್ತು ಯೂ. ದೊಡ್ಡ ತಪ್ಪಾಯ್ತು. ಬರೋ ತಿಂಗಳು ನಾವಿಬ್ರೇ ಹೋಗೋಣ. ಬಾ ಯೂ. ಬಾ. ನನ್ನಾಣೆ, ಬಾ.”

ತುಮಿರಾ ತಂಗಿಯ ತಲೆಯ ಮೇಲೆ ಕೈಯಿಟ್ಟಳು. ಮರದ ಪುಡಿ ಮೆತ್ತಿದ ಕೈ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ಮೂರು ಸಲ ಬೇಡ ಅಂದವರನ್ನ ಮತ್ತೆ ಕರೆಯೋದು ನಮ್ಮಲ್ಲಿ ಮರ್ಯಾದೆ ಅಲ್ಲಮ್ಮ,” ಅಂದಳು. “ನಾನು ಬೇಡ ಅಂದಿದ್ದು ಈಗ ಊರಿಗೆಲ್ಲ ಗೊತ್ತು. ಈಗ ಹೊರಟ್ರೆ ನಿನ್ನ ಮಾತು ಸುಳ್ಳು ಅಂತಾಗುತ್ತೆ.”

ಅಷ್ಟು ಹೇಳಿ ಅವಳು ಕುರ್ಚಿಯನ್ನು ಮಗುಚಿ ಹಾಕಿಕೊಂಡು ಇನ್ನೊಂದು ಕಾಲು ಉಜ್ಜತೊಡಗಿದಳು.