ನೋಯುತ್ತದೆ ಎಂದು ಬರೆದ ಅಂಗಡಿ

ಎರಡು ಕಾಲಿನ ಉದ್ದ ಒಂದೇ ಸಮ ಇಲ್ಲದವರಿಗೆ ಬೂಟು ಮಾಡಿಕೊಡುವುದು ಅವನ ಕಸುಬು. ಗಿಡ್ಡ ಕಾಲಿನ ಬೂಟಿಗೆ ಬೆಂಡಿನ ಪದರ ಅಂಟಿಸಿ, ಸುತ್ತ ತೊಗಲು ಎಳೆದು, ಎತ್ತರಿಸಿದ್ದು ಮೇಲುನೋಟಕ್ಕೆ ಗೊತ್ತಾಗದ ಹಾಗೆ ಅಟ್ಟೆ ಕೂರಿಸುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅಂಗಡಿಗೊಂದು ಸರಿಯಾದ ಬೋರ್ಡು ಬರೆಸುವ ಅಗತ್ಯವೂ ಬಿದ್ದಿರಲಿಲ್ಲ. ರಸ್ತೆ ದಾಟಿದರೆ ದೊಡ್ಡಾಸ್ಪತ್ರೆ. ಅಲ್ಲಿಯ ಮೂಳೆ ಡಾಕ್ಟರು ಚೀಟಿ ಬರೆದು ಕಳಿಸುತ್ತಿದ್ದರು, ಜನ ಕುಂಟುತ್ತಾ ಬರುತ್ತಿದ್ದರು, ನೆಟ್ಟಗೆ ಹೋಗುತ್ತಿದ್ದರು.

ಒಂದು ಸೋಮವಾರದಿಂದ ಚೀಟಿ ಬರುವುದು ನಿಂತಿತು. ಮೂರು ವಾರ ಕಾದು, ಕೊನೆಗೆ ತಾನೇ ಹೋಗಿ ವಿಚಾರಿಸಿದ. ಪಾದವನ್ನು ಅಳೆಯುವ ಯಂತ್ರ ಬಂದಿದೆ, ಬೂಟು ಇನ್ನು ಮೇಲೆ ಕಾರ್ಖಾನೆಯಿಂದಲೇ ತರಿಸುತ್ತೇವೆ, ನಿಮಗೆ ಯಾರೂ ಹೇಳಲಿಲ್ಲವೇ ಎಂದು ಅಲ್ಲಿಯ ಗುಮಾಸ್ತೆ ಕೇಳಿದಳು. ಯಾರೂ ಹೇಳಿರಲಿಲ್ಲ.

ಮನೆಯಲ್ಲಿ ಅವನ ಜೊತೆಗಿದ್ದವಳು ಅಕ್ಕ ಒಬ್ಬಳೇ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕೂತು ನಿವೃತ್ತಳಾದವಳು. ಸಂಜೆ ಅವಳು ಅಂಗಡಿಯ ಸುದ್ದಿ ಕೇಳಿದರೆ ಅವನು, ಇವತ್ತು ಮೂರು ಜನ ಬಂದಿದ್ದರು ಎನ್ನುತ್ತಿದ್ದ. ಒಂದೊಂದು ದಿನ ನಾಲ್ಕು ಎನ್ನುತ್ತಿದ್ದ. ಐವತ್ತೊಂದನೆಯ ವಯಸ್ಸಿನಲ್ಲಿ ಮಗುವಿನ ಹಾಗೆ ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೇ ನಾಚಿಕೆಯಾಗುತ್ತಿತ್ತು. ಆದರೆ ನಿಜ ಹೇಳಲು ಬಾಯಿ ಬರುತ್ತಿರಲಿಲ್ಲ.

ಈಗ ಎಲ್ಲರೂ ಫೋನಿನಲ್ಲೇ ಹುಡುಕುತ್ತಾರೆ, ವೆಬ್‌ಸೈಟ್ ಇಲ್ಲದವನು ಇದ್ದೂ ಇಲ್ಲದ ಹಾಗೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಎದುರು ಕಟ್ಟಡದ ಮೂರನೆಯ ಮಹಡಿಯಲ್ಲಿದ್ದ ಡಿಸೈನರ್ ಹತ್ತಿರ ಹೋದ. ಆತ ಕಾಲಿನ ಬಗ್ಗೆಯಾಗಲಿ ಬೂಟಿನ ಬಗ್ಗೆಯಾಗಲಿ ಏನೂ ಕೇಳಲಿಲ್ಲ. ನಿಮಗೆ ಯಾವ ಬಣ್ಣ ಇಷ್ಟ ಎಂದು ಕೇಳಿದ. ನೀಲಿ ಎಂದ ಇವನು. ವಾರದಲ್ಲಿ ನೀಲಿ ವೆಬ್‌ಸೈಟ್ ತಯಾರಾಯಿತು. ಸಮುದ್ರ ತೀರದಲ್ಲಿ ಹಲ್ಲು ಕಿಸಿಯುತ್ತಾ ಓಡುವ ಒಂದು ಜೋಡಿ, ಇಬ್ಬರದೂ ಬರಿಗಾಲು. ಕೆಳಗೆ, ‘ಗುಣಮಟ್ಟವೇ ನಮ್ಮ ಧ್ಯೇಯ, ನಿಮ್ಮ ತೃಪ್ತಿಯೇ ನಮ್ಮ ಗುರಿ’ ಎಂಬ ಸಾಲು. ಮೂಲೆಯಲ್ಲಿ ಎಷ್ಟು ಸಲ ನೋಡಿದ್ದಾರೆಂದು ತೋರಿಸುವ ಒಂದು ಅಂಕಿ.

ಅವನ ಜೀವವೆಲ್ಲ ಆ ಅಂಕಿಯಲ್ಲಿ ನೆಟ್ಟುಕೊಂಡಿತು. ಬೆಳಿಗ್ಗೆ ಎದ್ದರೆ ಅದು, ಊಟಕ್ಕೆ ಕೂತರೆ ಅದು. ಹನ್ನೆರಡು ಇದ್ದದ್ದು ಅರವತ್ತಾಯಿತು, ನೂರೈವತ್ತು ದಾಟಿತು. ಇಷ್ಟು ಮಂದಿ ನೋಡಿದ ಮೇಲೆ ಒಬ್ಬನಾದರೂ ಬರಲೇಬೇಕು ಎಂದು ಬೆಂಚು ಒರೆಸಿ, ಅಳತೆ ಟೇಪು ಹೊರಗಿಟ್ಟು ಕಾದ. ಒಂದು ನರಪಿಳ್ಳೆಯೂ ಬರಲಿಲ್ಲ. ಎರಡು ತಿಂಗಳಾದ ಮೇಲೆ ತಾಳಲಾರದೆ ಡಿಸೈನರನ್ನು ಕೇಳಿದ. ಆತ ಕಂಪ್ಯೂಟರಿನಲ್ಲಿ ಏನೇನೋ ತೆಗೆದು ನೋಡಿ, ಇದರಲ್ಲಿ ನೂರೈವತ್ತೊಂದು ಸಲ ನೋಡಿರುವುದು ಒಂದೇ ಫೋನಿನಿಂದ, ಅದು ನಿಮ್ಮದು ಎಂದ. ಉಳಿದ ಎರಡು ಆತನವೇ.

ಅವತ್ತು ಅವನು ಮನೆಗೆ ಹೇಗೆ ಹೋದನೋ ಅವನಿಗೇ ಗೊತ್ತಿಲ್ಲ.

ಮರುದಿನ ಕನ್ನಡಕ ಮರೆತು ಬಂದಿದ್ದ. ಅದನ್ನು ಕೊಡಲೆಂದು ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಳು. ಬೀದಿಯಲ್ಲಿರುವಾಗಲೇ ಸುತ್ತಿಗೆಯ ಸದ್ದು ಕೇಳಿ ಅವಳಿಗೆ ಸಮಾಧಾನವಾಯಿತು. ಮೆಟ್ಟಿಲಿಳಿದು ಒಳಗೆ ಹೋಗಿ ನೋಡಿದರೆ ತಮ್ಮ ಕಣ್ಣು ಮುಚ್ಚಿಕೊಂಡು, ಬೂಟೇ ಇಲ್ಲದ, ಪಾದದಾಕಾರದ ಬರೀ ಮರದ ಅಚ್ಚಿನ ಮೇಲೆ ಬಡಿಯುತ್ತಿದ್ದ. ಬೆಂಚಿನ ಮೇಲೆ ತೊಗಲಿನ ಚೂರೂ ಇರಲಿಲ್ಲ.

“ಏನೋ ಇದು?” ಎಂದಳು.

ಅವನು ಬೆಚ್ಚಿಬಿದ್ದು ಕಣ್ಣು ತೆರೆದ. “ಪಕ್ಕದ ಗಡಿಯಾರದಂಗಡಿಯವನಿಗೆ ಕೇಳಿಸ್ಲಿ ಅಂತ,” ಎಂದ. “ಸದ್ದು ನಿಂತ್ರೆ ಅವನಿಗೆ ಗೊತ್ತಾಗಿಬಿಡುತ್ತೆ.”

ಅವಳು ಗಿರಾಕಿಗಳ ಕುರ್ಚಿಯಲ್ಲಿ ಕೂತಳು. ಅವನು ಎಲ್ಲವನ್ನೂ ಹೇಳಿದ. ಮುಂದಿನ ತಿಂಗಳ ಮೊದಲ ಸೋಮವಾರದಿಂದ ಒಂದು ಗೋದಾಮಿಗೆ ಕಾವಲಿಗೆ ಬರುತ್ತೇನೆಂದು ಒಪ್ಪಿಕೊಂಡಿರುವುದನ್ನೂ ಹೇಳಿದ. ಕೆಲಸ ಮಧ್ಯಾಹ್ನದಿಂದ ರಾತ್ರಿಯವರೆಗೆ. ಅಕ್ಕ ಬೈಯಲಿಲ್ಲ. ವೆಬ್‌ಸೈಟ್ ತೋರಿಸು ಎಂದು ಫೋನು ಇಸಿದುಕೊಂಡು, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಅಕ್ಷರ ಓದಿದಳು.

“ಇದ್ರಲ್ಲಿ ನೀನೆಲ್ಲಿದ್ದೀಯ? ಇದನ್ನ ಬಿಸ್ಕತ್ತು ಮಾರೋನೂ ಹಾಕ್ಕೋಬಹುದು.”

ತನ್ನ ಕೌಂಟರಿನ ವಿಷಯ ಹೇಳಿದಳು. ಅವಳ ತಲೆಯ ಮೇಲೆ ಗೋಡೆಯಗಲದ ವೇಳಾಪಟ್ಟಿ ಇತ್ತು. ಜನ ಅದನ್ನು ಓದಿಕೊಂಡೇ ಅವಳ ಹತ್ತಿರ ಬರುತ್ತಿದ್ದರು. ಅವರು ಕೇಳುತ್ತಿದ್ದದ್ದು ಪಟ್ಟಿಯಲ್ಲಿ ಇಲ್ಲದ್ದನ್ನು. ಬಸ್ಸು ದಾರಿಯಲ್ಲಿ ನಿಲ್ಲಿಸ್ತಾರಾ, ವಯಸ್ಸಾದ ತಾಯಿಗೆ ಹತ್ತೋಕಾಗುತ್ತಾ, ಕೊನೆ ಬಸ್ಸು ತಪ್ಪಿದರೆ ಏನು ಗತಿ. ಉತ್ತರ ಸಿಕ್ಕಿದವರು ಟಿಕೆಟು ತೆಗೆದುಕೊಳ್ಳುತ್ತಿದ್ದರು, ಸಿಗದವರು ಮನೆಗೆ ಹೋಗುತ್ತಿದ್ದರು.

“ನಿನ್ನ ಹತ್ರ ಬಂದೋರು ಮೊದಲು ಏನು ಕೇಳ್ತಾರೆ, ಅದನ್ನ ಹೇಳು,” ಎಂದು ಪೆನ್ನು ತೆಗೆದಳು.

ಅವನು ಯೋಚಿಸಿ ಯೋಚಿಸಿ ಹೇಳಿದ. ಬೂಟು ನೋಡಿದವರಿಗೆ ಗೊತ್ತಾಗುತ್ತಾ? ಡಾಕ್ಟರ ಚೀಟಿ ಬೇಕೇ ಬೇಕಾ? ಎಷ್ಟು ದಿನ ಹಿಡಿಯುತ್ತೆ? ಒಂದೇ ಕಾಲಿಂದು ಮಾಡಿಕೊಡ್ತೀರಾ? ಅವನು ಉತ್ತರ ಹೇಳಿದ ಹಾಗೆ, ಅವನ ಮಾತಿನಲ್ಲೇ ಬರೆದುಕೊಂಡಳು. ಆಮೇಲೆ ತಾನು ಇಳಿದು ಬಂದ ನಾಲ್ಕು ಮೆಟ್ಟಿಲುಗಳ ಕಡೆ ನೋಡಿ, ಕಾಲು ನೋಯುವವರಿಗೆ ಇದನ್ನು ಮೊದಲೇ ಹೇಳಬೇಡವೇ ಎಂದಳು. ‘ನಾಲ್ಕು ಮೆಟ್ಟಿಲು ಇಳಿಯಬೇಕು. ಆಗದಿದ್ದರೆ ಫೋನ್ ಮಾಡಿ, ನಾನೇ ಕುರ್ಚಿ ತಂದು ಬಾಗಿಲಲ್ಲಿ ಅಳತೆ ತೆಗೆದುಕೊಳ್ಳುತ್ತೇನೆ’ ಎಂದು ಬರೆದಳು.

ಜಗಳ ಹತ್ತಿದ್ದು ಒಂದೇ ಪ್ರಶ್ನೆಗೆ. ಹಾಕಿಕೊಂಡ ಮೇಲೆ ನೋಯುತ್ತದೆಯೇ? ಮೊದಲ ಹತ್ತು ದಿನ ಸೊಂಟ ಚೆನ್ನಾಗಿಯೇ ನೋಯುತ್ತದೆ, ಏಕೆಂದರೆ ಅದು ಅಷ್ಟು ವರ್ಷ ಓರೆಯಾಗಿ ನಿಂತು ಅಭ್ಯಾಸವಾಗಿರುತ್ತದೆ ಎಂದ ಅವನು. ಅವಳು ಅದನ್ನೂ ಬರೆಯತೊಡಗಿದಳು.

“ನೋಯುತ್ತೆ ಅಂತ ಬರೆದ್ರೆ ಯಾರು ಬರ್ತಾರೆ ಅಕ್ಕ?”

“ಬರಿಗಾಲಲ್ಲಿ ಓಡ್ತಿದ್ದಾರಲ್ಲ, ಆ ಇಬ್ರು ಎಷ್ಟು ಜನರನ್ನ ಕರ್ಕೊಂಡು ಬಂದಿದ್ದಾರೆ ಹೇಳು.”

ಡಿಸೈನರ್ ಮುಖ ಊದಿಸಿಕೊಂಡೇ ಎಲ್ಲವನ್ನೂ ಬದಲಾಯಿಸಿದ. ಸಮುದ್ರ ಹೋಗಿ, ಬೆಂಚಿನ ಮೇಲಿಟ್ಟ ಒಂದು ಜೊತೆ ಬೂಟಿನ ಫೋಟೋ ಬಂತು, ಎತ್ತರಿಸಿದ ಕಡೆಯಿಂದಲೇ ತೆಗೆದದ್ದು. ಫೋನ್ ನಂಬರು ಮೇಲಕ್ಕೆ ಬಂತು. ಮೂಲೆಯ ಅಂಕಿಯನ್ನು ಅಕ್ಕ ತೆಗೆಸಿಹಾಕಿದಳು.

ಮೂರು ವಾರ ಏನೂ ಆಗಲಿಲ್ಲ. ಒಂದು ಫೋನು ಬಂತು, ಹೆಂಗಸರ ಹೈಹೀಲ್ಡ್ ಸಿಗುತ್ತಾ ಎಂದು ಕೇಳಿ ಇಟ್ಟುಬಿಟ್ಟರು. ಕಾವಲಿನ ಕೆಲಸದ ಸೋಮವಾರಕ್ಕೆ ನಾಲ್ಕು ದಿನ ಉಳಿದಾಗ ಅವನು ಅಂಗಡಿ ಮುಚ್ಚಲೆಂದು ಗೋಣಿಚೀಲ ತಂದು ಅಚ್ಚುಗಳನ್ನು ತುಂಬಲು ಕೂತ. ಒಬ್ಬೊಬ್ಬರ ಪಾದಕ್ಕೆ ಒಂದೊಂದರಂತೆ ನೂರಾರು ಮರದ ಅಚ್ಚುಗಳು. ಹೆಬ್ಬೆರಳು ಇಲ್ಲದ್ದು, ಹಿಮ್ಮಡಿ ಸೊಟ್ಟಗಿರುವುದು. ಸೌದೆಗೆ ಹಾಕುವುದೋ ಯಾರಿಗಾದರೂ ಕೊಡುವುದೋ ತಿಳಿಯದೆ, ಒಂದನ್ನೆತ್ತಿ ಚೀಲಕ್ಕೆ ಹಾಕುವುದು, ಮತ್ತೆ ತೆಗೆಯುವುದು. ಸತ್ತುಹೋದ ಗಿರಾಕಿಗಳ ಕಾಲಿನ ಅಚ್ಚುಗಳನ್ನೂ ಕೈಯಲ್ಲಿ ಹಿಡಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಚೀಲಕ್ಕೆ ಮುಖ ಒತ್ತಿ ಅತ್ತ. ಸುತ್ತಿಗೆ ಬಡಿದು ಆ ಸದ್ದನ್ನು ಮುಚ್ಚಬೇಕೆಂದೂ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗಡಿಯಾರದವನು ಬಾಗಿಲಿಗೆ ಬಂದು ಒಂದು ಲೋಟ ನೀರಿಟ್ಟು ಹೋದ.

ಶನಿವಾರ ಬೆಳಿಗ್ಗೆ ಒಬ್ಬ ಹೆಂಗಸು ಗೋಡೆ ಹಿಡಿದುಕೊಂಡು ಇಳಿದು ಬಂದಳು. ನಲವತ್ತರ ಆಸುಪಾಸು. ಸಲೂನಿನಲ್ಲಿ ಕೂದಲು ಕತ್ತರಿಸುವವಳು, ದಿನಕ್ಕೆ ಹತ್ತು ಗಂಟೆ ನಿಂತೇ ಇರಬೇಕು ಎಂದಳು. ಎಡಗಾಲು ಗಿಡ್ಡ. ಅವನು ಚೀಲಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಕುರ್ಚಿ ಹಾಕಿದ. ಚೀಟಿ ಯಾರು ಕೊಟ್ಟರು ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟ.

“ಯಾರೂ ಇಲ್ಲ. ಫೋನಲ್ಲಿ ನೋಡ್ದೆ,” ಎಂದಳು. “ಬೇರೆಯವರೆಲ್ಲ ಏಳೇ ದಿನಕ್ಕೆ ನೋವು ಮಾಯ ಅಂತ ಹಾಕಿದ್ದಾರೆ. ಅಂಥದ್ದು ಮೂರು ಸಲ ತಗೊಂಡು ಮೋಸ ಹೋಗಿದ್ದೀನಿ. ನೋಯುತ್ತೆ ಅಂತ ಬರೆದಿರೋರು ನೀವೊಬ್ರೇ. ನಿಜವಾಗ್ಲೂ ಹತ್ತೇ ದಿನಾನಾ?”

“ನಿಮ್ಮ ಕೆಲಸಕ್ಕೆ ಹದಿನೈದಾಗಬಹುದು,” ಎಂದ ಅವನು. ಸುಳ್ಳು ಹೇಳಲು ಧೈರ್ಯ ಉಳಿದಿರಲಿಲ್ಲ.

“ಆಗ್ಲಿ, ಅಳತೆ ತಗೊಳ್ಳಿ.”

ಅವನು ನೆಲದ ಮೇಲೆ ಕೂತು ಅವಳ ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದ. ಐದು ತಿಂಗಳ ಮೇಲೆ ಎಳೆಯುತ್ತಿದ್ದ ಗೆರೆ. ಕಿರುಬೆರಳಿನ ಹತ್ತಿರ ತಪ್ಪಿತು. ಕ್ಷಮೆ ಕೇಳಿ ಇನ್ನೊಂದು ಕಾಗದ ತೆಗೆದುಕೊಂಡ.

ಸೋಮವಾರ ಗೋದಾಮಿನ ಕೆಲಸಕ್ಕೆ ಹೋಗದೆ ವಿಧಿಯಿರಲಿಲ್ಲ, ಹೋದ. ಬೆಳಿಗ್ಗೆ ಏಳರಿಂದ ಹನ್ನೆರಡರವರೆಗೆ ಮಾತ್ರ ಅಂಗಡಿ ಎಂದು ಅಕ್ಕ ವೆಬ್‌ಸೈಟಿನಲ್ಲಿ ಹಾಕಿಸಿದಳು. ಆ ತಿಂಗಳು ಇನ್ನಿಬ್ಬರು ಬಂದರು, ಮುಂದಿನ ತಿಂಗಳು ಐವರು. ಕಾವಲಿನ ಕೆಲಸ ಬಿಡುವಷ್ಟು ಅಲ್ಲ, ಅಂಗಡಿ ಮುಚ್ಚುವಷ್ಟು ಕಡಿಮೆಯೂ ಅಲ್ಲ. ಅಚ್ಚುಗಳು ಮತ್ತೆ ಗೋಡೆಯ ಮೇಲೆ ಹತ್ತಿದವು.

ಬೂಟು ತಯಾರಾದ ದಿನ ಸಲೂನಿನವಳು ಹಾಕಿಕೊಂಡು ಎದ್ದು ನಿಂತು ಕನ್ನಡಿ ಕೇಳಿದಳು. ಅಂಗಡಿಯಲ್ಲಿ ಕನ್ನಡಿ ಇರಲಿಲ್ಲ. ಬೀದಿಗೆ ಹತ್ತಿಹೋಗಿ, ಯಾರದೋ ನಿಂತ ಕಾರಿನ ಕಿಟಕಿಯಲ್ಲಿ ತನ್ನ ಎರಡೂ ಭುಜಗಳನ್ನು ನೋಡಿಕೊಂಡಳು. ಒಮ್ಮೆ ತಿರುಗಿ ಇನ್ನೊಂದು ಕಡೆಯಿಂದಲೂ ನೋಡಿಕೊಂಡಳು. ಆಮೇಲೆ ಕೆಲಸಕ್ಕೆ ಹೊತ್ತಾಯಿತೆಂದು ಹೊರಟಳು. ಅವನು ಬಾಗಿಲಲ್ಲಿ ನಿಂತು, ಹೆಜ್ಜೆ ಎಲ್ಲಿ ಎಳೆಯುತ್ತಿದೆ, ಎಲ್ಲಿ ಇನ್ನೊಂದು ಪದರ ಹೆರೆಯಬೇಕು ಎಂದು ಅವಳು ತಿರುವು ದಾಟುವವರೆಗೂ ನೋಡುತ್ತಿದ್ದ.