ಎರಡನೇ ಮಂಚದ ಅಳತೆ

ಆರು ಚಳಿಗಾಲದಿಂದ ನನ್ನ ಗಂಡ ಲುದ್ವಿಕ್ ಒಂದೇ ದೋಣಿಯ ನಕ್ಷೆ ಬರೆಯುತ್ತಿದ್ದಾನೆ. ಬರೆಯುವುದು, ಅಳಿಸುವುದು, ನಿಟ್ಟುಸಿರು ಬಿಡುವುದು, ಮತ್ತೆ ಬರೆಯುವುದು. ನಾನು ಸರೋವರದ ದಡದ ನಮ್ಮ ಮಿಕೊವಾಯ್ಕಿಯ ಅರ್ಧ ಊರಿಗೆ ಹಾಯಿ ಹೊಲಿದುಕೊಟ್ಟವಳು. ಆದರೆ ನಮ್ಮದೇ ದೋಣಿ ಅಂತ ಒಂದರಲ್ಲಿ ಒಂದು ರಾತ್ರಿಯೂ ಮಲಗಿದವಳಲ್ಲ. ನಾನು ಹೊಲಿದ ಹಾಯಿ ಗಾಳಿ ತುಂಬಿಕೊಂಡು ಹೊರಟಾಗೆಲ್ಲ ದಡದಲ್ಲಿ ನಿಂತು ಹೊಟ್ಟೆ ಉರಿದುಕೊಂಡಿದ್ದೇನೆ, ಸುಳ್ಳೇಕೆ ಹೇಳಲಿ? ನನಗೆ ಬೇಕಾದದ್ದು ಇಷ್ಟೇ: ಸಂಜೆ ದಡ ಬಿಟ್ಟು, ಯಾವುದಾದರೂ ನಡುಗಡ್ಡೆಯ ಜೊಂಡಿನ ಮರೆಯಲ್ಲಿ ಮಲಗಿ, ಬೆಳಿಗ್ಗೆ ದೋಣಿಯಲ್ಲೇ ಚಹಾ ಕಾಯಿಸಿ ಕುಡಿಯಬೇಕು.

ಈ ಫೆಬ್ರವರಿಯಲ್ಲಿ ಅವನು ಕಾಗದ ಬಿಟ್ಟು ನೆಲಕ್ಕೆ ಇಳಿದ. ಹಾಯಿಬಟ್ಟೆ ಹಾಸಿ ಕತ್ತರಿಸಬೇಕಲ್ಲ, ಹಾಗಾಗಿ ನನ್ನ ಹೊಲಿಗೆ ಕೋಣೆ ದೊಡ್ಡದು. ಅದರ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೋಣಿಯನ್ನು ಅದರ ನಿಜವಾದ ಅಳತೆಗೇ ಬರೆದ. ಐದೂವರೆ ಮೀಟರ್ ಉದ್ದ.

“ಹುಷಾರು, ತುಳೀಬೇಡ!”

“ನನ್ನ ಕೋಣೇಲಿ ನಾನೇ ಗೋಡೆ ಹಿಡ್ಕೊಂಡು ಓಡಾಡ್ಬೇಕಾ? ಒಳ್ಳೆ ಕಥೆ ಆಯ್ತು! ಒಲೆ ಎಲ್ಲಿ?”

“ತೆಗೆದ್ಬಿಟ್ಟೆ ರೊಜಾಲಿಯಾ. ಜಾಗ ಇಲ್ಲ, ಭಾರ ಬೇರೆ. ಇದು ರೇಸಿನ ದೋಣಿ.”

“ರಾತ್ರಿ ಉಳ್ಕೊಳ್ಳೋ ದೋಣಿ ಅಂತ ನೀನೇ ಅಂದಿದ್ದೆ.”

“ಎರಡೂ.”

ಆರು ವರ್ಷದಿಂದ ಇದೇ ‘ಎರಡೂ’. ಮೊದಲು ನನ್ನ ಪಾತ್ರೆಯ ಕಪಾಟು ಹೋಯಿತು, ಆಮೇಲೆ ಕಿಟಕಿ, ಈಗ ಒಲೆ. ನಮ್ಮ ಸರೋವರದ ಸ್ಪರ್ಧೆಗೆ ಇಳಿಯುವ ದೋಣಿಯಲ್ಲಿ ಇಬ್ಬರು ಮಲಗಲು ಜಾಗ ಇರಲೇಬೇಕೆಂಬ ನಿಯಮವಿದೆ. ಅದಿಲ್ಲದಿದ್ದರೆ ಈ ಪುಣ್ಯಾತ್ಮ ಮಂಚಗಳನ್ನೂ ಕಿತ್ತುಹಾಕುತ್ತಿದ್ದ.

ಅವನು ಪ್ಲೈವುಡ್ ಹುಡುಕಿಕೊಂಡು ಹೊರಗೆ ಹೋದಾಗ ನಾನು ಚಪ್ಪಲಿ ಬಿಟ್ಟು ಆ ಗೆರೆಗಳ ಒಳಗೆ ಇಳಿದೆ. ಎಡಗಡೆಯ ಮಂಚ ಅವನ ಎತ್ತರಕ್ಕೇ ಇತ್ತು, ಅವನದೆಂದು ನೋಡಿದರೇ ತಿಳಿಯುತ್ತಿತ್ತು. ಬಲಗಡೆಯದರಲ್ಲಿ ಅಂಗಾತ ಮಲಗಿ ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತು ಸುಖವಾಗಿಯೇ ಇತ್ತು. ಆಮೇಲೆ ಕಾಲು ಚಾಚಿದೆ. ಎಷ್ಟು ಚಾಚಿದರೂ ಗೆರೆ ಸಿಗಲಿಲ್ಲ. ಎದ್ದು ಟೇಪು ಹಿಡಿದೆ. ನೂರ ತೊಂಬತ್ತೆರಡು ಸೆಂಟಿಮೀಟರ್. ನಾನು ಇರುವುದು ನೂರ ಐವತ್ತನಾಲ್ಕು.

ಆ ಎತ್ತರದ ಮನುಷ್ಯ ನಮಗೆ ಗೊತ್ತಿರುವವನು ಒಬ್ಬನೇ, ಲುದ್ವಿಕನ ಅಣ್ಣ ವಿನ್ಸೆಂತಿ. ಇಬ್ಬರೂ ಇಪ್ಪತ್ತು ವರ್ಷ ಒಂದೇ ದೋಣಿಯಲ್ಲಿ ರೇಸಿಗೆ ಹೋದವರು. ಎಂಟು ವರ್ಷದ ಹಿಂದೆ ಒಂದು ರೇಸಿನ ಕೊನೆಯ ತಿರುವಿನಲ್ಲಿ, ಲುದ್ವಿಕ್ ಚುಕ್ಕಾಣಿ ಹಿಡಿದಿದ್ದಾಗ, ದೋಣಿ ದಾರಿ ತೋರಿಸಲು ನೀರಿನಲ್ಲಿ ಬಿಟ್ಟ ತೇಲುಗುರುತಿಗೆ ಚೂರು ತಾಗಿತು. ತಾಗಿದರೆ ಆಟದಿಂದ ಹೊರಗೆ. ಯಾರೂ ನೋಡಿರಲಿಲ್ಲ. ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದ ಮೇಲೆ ವಿನ್ಸೆಂತಿ ತಾನಾಗಿ ಹೋಗಿ ತೀರ್ಪುಗಾರರಿಗೆ ಹೇಳಿಬಿಟ್ಟ. ಅವತ್ತು ಮಾತು ಬಿಟ್ಟ ಲುದ್ವಿಕ್ ಅಣ್ಣನ ಹೆಸರನ್ನೂ ಎತ್ತಿಲ್ಲ.

ನಾನು ನೆಲದ ಮೇಲೆ ಕುಳಿತು ಅತ್ತೆ. ಆರು ವರ್ಷ ಕನಸು ಕಂಡ ದೋಣಿಯಲ್ಲಿ ನಾನೇ ಇರಲಿಲ್ಲ. ಪರದೆಗೆಂದು ನೀಲಿ ಬಟ್ಟೆ ಬೇರೆ ಎತ್ತಿಟ್ಟಿದ್ದೆ, ಮಂಕು! ಸಿಟ್ಟು ಇಳಿದ ಮೇಲೆ ಇನ್ನೊಂದು ಹೊಳೆಯಿತು. ಏನೆಲ್ಲ ಕತ್ತರಿಸಿದ ಈ ಮನುಷ್ಯ ಆ ಮಂಚದಿಂದ ಒಂದು ಬೆರಳೂ ಕತ್ತರಿಸಿರಲಿಲ್ಲ. ಬಾಯಿಬಿಟ್ಟು ಕರೆಯಲಾರದೆ ಅಣ್ಣನನ್ನು ಸೀಮೆಸುಣ್ಣದಲ್ಲಿ ಕರೆಯುತ್ತಿದ್ದ.

ಮರುದಿನ ಬೆಳಿಗ್ಗೆ ಅವನ ಕಾಗದದ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದು ಆಚೆ ದಡಕ್ಕೆ ಹೋದೆ. ವಿನ್ಸೆಂತಿ ಅಂಗಳದಲ್ಲಿ ಮೀನಿಗೆ ಹೊಗೆ ಹಾಕುತ್ತಿದ್ದ.

“ಏನಮ್ಮ, ದಾರಿ ತಪ್ಪಿದ್ಯಾ?”

“ಇದನ್ನ ನೋಡಿ ಭಾವ.”

ಅವನು ನಕ್ಷೆ ಬಿಡಿಸಿ, ಕನ್ನಡಕ ಏರಿಸಿ, “ಚುಕ್ಕಾಣಿ ಚಿಕ್ಕದಾಯ್ತು, ಕತ್ತೆ,” ಎಂದು ಗೊಣಗಿದ. ಆಮೇಲೆ ಅವನ ಬೆರಳು ಬಲಗಡೆಯ ಮಂಚದ ಮೇಲೆ ನಿಂತಿತು. ಅಂಕಿಯನ್ನು ಬಹಳ ಹೊತ್ತು ನೋಡಿದ.

“ನೀನೆಲ್ಲಿ ಮಲಗ್ತೀಯ?”

“ನಾನಾ? ಯಾವಾಗ್ಲೂ ಮಲಗೋ ಕಡೆ. ದಡದಲ್ಲಿ.”

ಅವನು ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದ.

ನಾವು ಹೋದಾಗ ಲುದ್ವಿಕ್ ಸೀಮೆಸುಣ್ಣ ಹಿಡಿದು ಮಂಡಿಯೂರಿದ್ದ. ಅಣ್ಣನನ್ನು ಕಂಡು ತಲೆ ತಗ್ಗಿಸಿ ಗೆರೆ ಎಳೆಯುತ್ತಲೇ ಇದ್ದ. ವಿನ್ಸೆಂತಿ ನನ್ನ ಭುಜ ಹಿಡಿದುಕೊಂಡು, ನರಳುತ್ತ, ಆ ಗೆರೆಗಳ ಒಳಗೆ ಉದ್ದಕ್ಕೆ ಮಲಗಿದ. ತಲೆ ಗೆರೆಗೆ ತಾಗಿತು. ಹಿಮ್ಮಡಿ ತಾಗಲಿಲ್ಲ.

“ಮೂರು ಬೆರಳು ಜಾಸ್ತಿ ಬರ್ದಿದ್ದೀಯ.”

“ಇಲ್ಲ,” ಎಂದ ಲುದ್ವಿಕ್. ಎಂಟು ವರ್ಷದ ಮೇಲೆ ಅಣ್ಣನ ಜೊತೆ ಆಡಿದ ಮೊದಲ ಮಾತು. “ನಿನ್ನ ಅಳತೆ ನನಗೆ ಗೊತ್ತಿಲ್ವಾ?”

“ಅದು ಆಗಿನದು. ನಾನು ಕುಗ್ಗಿದ್ದೀನಿ ಕಣೋ.”

ಲುದ್ವಿಕ್ ಅಣ್ಣನ ಹಿಮ್ಮಡಿಗೂ ಗೆರೆಗೂ ನಡುವೆ ಕೈಯಿಟ್ಟ. “ಇಷ್ಟು ತಡ ಮಾಡ್ಬಿಟ್ನಾ ನಾನು?” ಎಂದು ಮಗುವಿನ ಹಾಗೆ ಅತ್ತ.

ವಿನ್ಸೆಂತಿಯನ್ನು ಎಬ್ಬಿಸಲು ನಾವಿಬ್ಬರೂ ಹಿಡಿಯಬೇಕಾಯಿತು. “ನೋಡಿದ್ಯಾ? ಎತ್ತೋಕೆ ಇಬ್ಬರು ಬೇಕು. ನನ್ನನ್ನ ರೇಸಿಗೆ ಕರ್ಕೊಂಡು ಹೋಗಿ ಏನ್ ಮಾಡ್ತೀಯ? ಇವಳನ್ನ ಕರ್ಕೊಂಡು ಹೋಗು. ಹಾಯಿ ಹೊಲಿಯೋಳಿಗೆ ಹಾಯಿ ಎಳೆಯೋಕೆ ಬರಲ್ವಾ?”

ಲುದ್ವಿಕ್ ನನ್ನನ್ನು ಮಲಗಲು ಹೇಳಿದ. ಮಲಗಿದೆ. ನನ್ನ ಹಿಮ್ಮಡಿಯ ಹತ್ತಿರ ಹೊಸ ಗೆರೆ ಎಳೆದು, ಆಚೆಯ ಜಾಗವನ್ನು ಅಳೆದ. “ಮೂವತ್ತೆಂಟು ಉಳಿಯತ್ತೆ. ಒಲೆ ಹಿಡಿಸತ್ತೆ ರೊಜಾಲಿಯಾ.”

ಆರು ವರ್ಷದಿಂದ ಈ ಮಾತಿಗೇ ಕಾದಿದ್ದೆ. ಅವನು ಹಳೆಯ ಗೆರೆ ಒರೆಸಲು ಒದ್ದೆ ಬಟ್ಟೆ ತಂದ. ಬಾಗಿಲ ಬಳಿ ವಿನ್ಸೆಂತಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಆ ಗೆರೆಯನ್ನೇ ನೋಡುತ್ತಿದ್ದ.

“ಅಳಿಸ್ಬೇಡ,” ಎಂದೆ.

“ಮತ್ತೆ ಒಲೆ?”

“ಚಹಾ ಫ್ಲಾಸ್ಕಲ್ಲಿ ಒಯ್ದರಾಯ್ತು. ಆ ಗೆರೆ ಭಾವನದು, ಮುಟ್ಟಿದ್ರೆ ನೋಡು.”

ವಿನ್ಸೆಂತಿ ಹಾಕಿಕೊಂಡಿದ್ದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ.