ನದಿ ಎಡಗೈಗೆ

ಆಚೆ ದಡದಲ್ಲಿ ಏನೋ ಹಳದಿ, ಮಗುಚಿಟ್ಟ ದೋಣಿಯ ಮೇಲೆ, ಹೂವಿರಬೇಕು, ಹೂವು ಇಷ್ಟು ಚೌಕವಾಗಿ ಬಿಡುತ್ತದೆಯೇ, ಟವೆಲ್ಲು — ಇರಲಿ, ಲೋಕದಲ್ಲಿ ಹಳದಿ ಟವೆಲ್ಲಿಗೇನು ಬರವೇ ಎಂದು ಡ್ರೈವರ್ ತನಗೆ ತಾನೇ ಸಮಾಧಾನ ಹೇಳಿಕೊಂಡ, ಆದರೆ ದೋಣಿ? ಬೆಳಿಗ್ಗೆ ಕಾಲು ತೊಳೆದುಕೊಂಡ ಹೆಂಡತಿ ಟವೆಲ್ಲು ಒಣಹಾಕಿದ್ದೂ ಮಗುಚಿಟ್ಟ ದೋಣಿಯ ಮೇಲೆಯೇ, ಹೊರಡು ಹೊರಡು ಟೈಮಾಯ್ತು ಎಂದು ಬಸ್‌ಸ್ಟ್ಯಾಂಡಿನ ಗತ್ತಿನಲ್ಲಿ ಇವನೇ ಎಬ್ಬಿಸಿದ್ದು, ಗಡಿಬಿಡಿಯಲ್ಲಿ ಅವಳು ಮರೆತದ್ದು, ಆದರೆ ಅದೆಲ್ಲ ಹಿಂದೆ ಉಳಿದ ಜಾಗ, ಟವೆಲ್ಲಿಗೇನು ಕಾಲು ಬಂದವೇ. ಸಮುದ್ರ ಸಿಗುವವರೆಗೆ ದಂಡೆ ಹಿಡಿದು ನಡೆಯುವುದು, ಮ್ಯಾಪು ಬೇಡ, ಯಾರನ್ನೂ ಕೇಳುವುದು ಬೇಡ, ನದಿ ಸದಾ ಎಡಗೈಗಿದ್ದರೆ ಸಾಕು ಎಂದು ಕಾನೂನು ಮಾಡಿದವನು ಅವನು, ಜೀವಮಾನವೆಲ್ಲ ಬಸ್ಸು ಓಡಿಸಿದವನಿಗೆ ದಾರಿ ಹೇಳಿಕೊಡುವವರು ಯಾರು, ಈಗಲೂ ನದಿ ಎಡಗೈಗೇ ಇದೆಯಲ್ಲ, ಎಲ್ಲ ಸರಿಯಾಗಿಯೇ ಇದೆ, ನಡುವೆ ಊಟವಾದ ಮೇಲೆ ಒಂದು ಸೇತುವೆ ದಾಟಿದೆವು ಅಷ್ಟೇ, ಈಚೆ ನೆರಳಿದೆ ಎಂದು, ದಾಟಿದ ಮೇಲೆ ನದಿಯನ್ನು ಮತ್ತೆ ಎಡಗೈಗೆ — ಅವನು ನೀರಿನ ಕಡೆ ಬಗ್ಗಿ ನೋಡಿದ. ಒಂದು ಒಣ ಎಲೆ ಎದುರಿನಿಂದ ತೇಲಿಬರುತ್ತಿದೆ, ಬೆಳಿಗ್ಗೆಯವರೆಗೆ ಎಲೆಗಳೆಲ್ಲ ಜೊತೆಯಲ್ಲೇ ಬರುತ್ತಿದ್ದವು, ಗಾಳಿಗಿರಬೇಕು, ಗಾಳಿ ಎಲ್ಲಿದೆ, ಅಂದರೆ ಊಟವಾದಾಗಿನಿಂದ ಬಂದ ಕಡೆಗೇ ವಾಪಸ್ಸು ಹೋಗುತ್ತಿದ್ದೇವೆ.

ರೀ, ಆಚೆ ನೋಡಿ, ಯಾರೋ ನನ್ನಂಥದೇ ಟವೆಲ್ಲು ಒಣಹಾಕಿದಾರೆ, ಒಳ್ಳೆ ರುಚಿ ಇರೋ ಹೆಂಗಸೇ ಇರ್ಬೇಕು — ಹ್ಞೂಂ ಎಂದ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಹಳದಿಯ ಕಡೆ ನೋಡಿ ಕಣ್ಣು ತೆಗೆದ. ಅವಳು ಖುಷಿಯಾಗಿದ್ದಾಳೆ, ಗುನುಗುತ್ತ ಮುಂದೆ ಮುಂದೆ ಹೋಗುತ್ತಿದ್ದಾಳೆ, ಇದೇ ಅವಳು ಹೊರಡುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದಳು, ಮದ್ವೆಯಾದಾಗಿಂದ ನನ್ನದು ತಪ್ಪಾಯ್ತು ಅನ್ನೋ ಮಾತು ನಿಮ್ಮ ಬಾಯಲ್ಲಿ ಕೇಳಿಲ್ಲ, ಈ ದಾರೀಲೂ ನಾನು ಹೇಳಿದ್ದೇ ಸರಿ ಅಂತ ಕೂತ್ರೆ ಅಕ್ಕನ ಮನೆಗೆ ಹೋಗ್ತೀನಿ, ವಾಪಸ್ ಬರಲ್ಲ. ಸುಮ್ಮನೆ ಹೇಳುವವಳಲ್ಲ, ಸೂಟ್‌ಕೇಸು ಮಂಚದ ಕೆಳಗಿನಿಂದ ಈಚೆ ಬಂದಿತ್ತು. ಅವಳಿಲ್ಲದ ಮನೆ ನೆನೆದು ಅವನಿಗೆ ನಿಜಕ್ಕೂ ಭಯವಾಯಿತು, ಹೇಳಿಬಿಡಬೇಕು, ಆದರೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗದ ಹಾಗೆ, ಬೇಕೆಂದೇ ಕರಕೊಂಡು ಬಂದೆ ಎನ್ನಲೇ, ಮರೆತ ಟವೆಲ್ಲಿಗೋಸ್ಕರ, ಆಹಾ, ಹೆಂಡತಿಯ ಟವೆಲ್ಲಿಗಾಗಿ ಇಡೀ ಮಧ್ಯಾಹ್ನ ಹಿಂದಕ್ಕೆ ನಡೆದ ಗಂಡ, ಎಲ್ಲಿದ್ದಾನೆ ಇಂಥವನು — ಆದರೆ ಟವೆಲ್ಲು ಆಚೆ, ತಾನು ಈಚೆ, ನಡುವೆ ಇಷ್ಟಗಲ ನೀರು, ಯಾವ ಪುಣ್ಯಾತ್ಮ ಹೀಗೆ ಟವೆಲ್ಲು ತರಲು ಬರುತ್ತಾನೆ. ಅಷ್ಟರಲ್ಲಿ ದೋಣಿಯ ಹಿಂದಿನಿಂದ ಒಂದು ಆಡು ಬಂತು, ಮೂಸಿತು, ಹಳದಿಯ ಒಂದು ಮೂಲೆಯನ್ನು ಬಾಯಿಗೆ ತೆಗೆದುಕೊಂಡಿತು, ಅಯ್ಯೋ ಪಾಪ, ಯಾರದ್ದೋ ಟವೆಲ್ಲು ಹೋಯ್ತು ಕಣ್ರೀ, ಎಲ್ಲೆಂದರಲ್ಲಿ ಬಿಟ್ಟು ಹೋದ್ರೆ ಇನ್ನೇನಾಗುತ್ತೆ ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾಳೆ, ಅವಳನ್ನು ಹೀಗೆ ನಗಲು ಬಿಟ್ಟು ತಾನು ಬಾಯಿ ಮುಚ್ಚಿಕೊಂಡಿರುವುದು ಯಾಕೋ ಅವನಿಗೆ ತಡೆಯಲಾಗಲಿಲ್ಲ, ಅದು ನಿಂದೇ ಕಣೆ, ಸೇತುವೆ ಹತ್ರ ದಾರಿ ತಪ್ಪಿಸ್ದೆ, ನನ್ನದೇ ತಪ್ಪು.

ನಗು ನಿಂತಿತು. ಅವಳು ನದಿಯ ಕಡೆ ನೋಡಲಿಲ್ಲ, ಇವನನ್ನೇ ನೋಡಿದಳು, ಕೇಳಿಸ್ಲಿಲ್ಲ ಇನ್ನೊಂದ್ಸಲ ಹೇಳಿ ಎಂದಳು, ನನ್ನದೇ ತಪ್ಪು ಎಂದ, ಅವಳು ಕಲ್ಲಿನ ಮೇಲೆ ಕೂತು ಚೀಲವನ್ನು ಆಚೆ ಸರಿಸಿ ಅವನಿಗೆ ಜಾಗ ಮಾಡಿದಳು, ಕೂತ, ಅವಳ ಭುಜ ತಾಗಿತು, ಆಚೆ ಆಡು, ಆಡಿನ ಬಾಯಲ್ಲಿ ಹಳದಿ, ಇನ್ನೂ ಸ್ವಲ್ಪ ಹಳದಿ